ಬೆಳೆ ಹೆಸರಿಗೆ ನಂಬರ್ ಹಾಕಬೇಡಿ

ಚಳ್ಳಕೆರೆ ಕಡೆಯ 60 ರೈತರ ಸರ್ವೆ ಮಾಡಿದ್ದೀರಿ. ಅಂಕಿಅಂಶದ ಸಾಫ್ಟ್‌ವೇರ್ ಆರ್‌ (R) ನಲ್ಲಿ ಬೆಳೆ ಕಾಲಂ ಅನ್ನು ಹಿಸ್ಟ್‌ಗೆ (ಹಿಸ್ಟೋಗ್ರಾಂ ಬಿಡಿಸುವ ಫಂಕ್ಷನ್) ಕೊಟ್ಟರೆ 'ಎಕ್ಸ್ ನ್ಯೂಮರಿಕ್ ಆಗಿರಬೇಕು', ಅಂದರೆ ಕೊಟ್ಟಿದ್ದು ಅಂಕಿಯೇ ಆಗಿರಬೇಕು ಅಂತ ಎರರ್ ಬರುತ್ತಿದೆ, ಬೆಳೆ ಹೆಸರನ್ನು 1, 2, 3, 4 ಮಾಡುವುದು ಹೇಗೆ ಅಂತ ಕೇಳಿದ್ದೀರಿ. ದಯವಿಟ್ಟು ಮಾಡಬೇಡಿ.

2019ರಲ್ಲಿ ದಾವಣಗೆರೆಯಲ್ಲಿ ಎಂ.ಎ. ಪ್ರಾಜೆಕ್ಟ್ ಮಾಡುವಾಗ ನಾನೂ ಇದೇ ಎರರ್ ಮುಂದೆ ಕೂತಿದ್ದೆ. ಜಗಳೂರು, ಹರಿಹರ, ಚನ್ನಗಿರಿ ಮೂರೂ ತಾಲ್ಲೂಕು ಬಸ್ಸಲ್ಲಿ ಸುತ್ತಿ ಫಾರ್ಮ್ ತುಂಬಿಸಿದ್ದೆ. ಬೆಳೆಗಳನ್ನು ಇಂಗ್ಲಿಷಲ್ಲಿ ಟೈಪ್ ಮಾಡಿದ್ದೆ: ಆರಿಕಾನಟ್, ಗ್ರೌಂಡ್‌ನಟ್, ಮೇಜ್, ಪ್ಯಾಡಿ. ಚಾರ್ಟಲ್ಲಿ ಕನ್ನಡದ ಹೆಸರು ಬರಲಿ, ಭತ್ತ ಮೊದಲು ಬರಲಿ ಅಂತ ಆಸೆ. ಅದಕ್ಕೆ ಲೆವೆಲ್ಸ್ ಫಂಕ್ಷನ್‌ಗೆ (ಕಾಲಂನಲ್ಲಿರುವ ವರ್ಗಗಳ ಹೆಸರಿನ ಪಟ್ಟಿ ಇದರದ್ದು) ಭತ್ತ, ಮೆಕ್ಕೆಜೋಳ, ಅಡಿಕೆ, ಶೇಂಗಾ ಅಂತ ನನ್ನ ಕ್ರಮದಲ್ಲಿ ಒಂದೇ ಸಾಲು ಬರೆದುಕೊಟ್ಟೆ. ಎರರ್ ಬರಲಿಲ್ಲ. ಚಾರ್ಟ್ ಚೆನ್ನಾಗಿ ಬಂತು, ಪ್ರಿಂಟ್ ಹಾಕಿಸಿ ಬೈಂಡ್ ಮಾಡಿಸಿದೆ.

ವೈವಾದಲ್ಲಿ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆ: "ಜಗಳೂರಲ್ಲಿ ಇಷ್ಟೊಂದು ಅಡಿಕೆನಾ?" ನಾನು ಬೋರ್‌ವೆಲ್ ಅದು ಇದು ಅಂತ ಸಮರ್ಥನೆ ಕೊಟ್ಟೆ. ಅವರು ಪಕ್ಕದ ಬಾರ್ ಮೇಲೆ ಬೆರಳಿಟ್ಟರು. ಭದ್ರಾ ನಾಲೆ ನೀರು ಹರಿಯುವ ಹರಿಹರದಲ್ಲಿ ಬರೀ ಶೇಂಗಾ! ಆಮೇಲೆ ನನಗೆ ಮಾತೇ ಹೊರಡಲಿಲ್ಲ.

ಆಗಿದ್ದು ಏನು ಅಂತ ಸರಿಯಾಗಿ ಹೇಳುತ್ತೇನೆ, ಯಾಕಂದ್ರೆ ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಆರ್ ಒಂದು ಕಾಲಂ ಅನ್ನು ಫ್ಯಾಕ್ಟರ್ (ಹೆಸರುಗಳನ್ನು ವರ್ಗಗಳಾಗಿ ಇಟ್ಟುಕೊಳ್ಳುವ ಕಾಲಂ) ಮಾಡುವಾಗ ಹೆಸರುಗಳನ್ನು ಎ ಬಿ ಸಿ ಡಿ ಪ್ರಕಾರ ಜೋಡಿಸುತ್ತದೆ. ಆಗಿನ ಆವೃತ್ತಿಯಲ್ಲಿ ಫೈಲ್ ಓದಿದ ಕೂಡಲೇ ಅಕ್ಷರದ ಕಾಲಂ ತಾನಾಗಿ ಫ್ಯಾಕ್ಟರ್ ಆಗುತ್ತಿತ್ತು, 2020ರ 4.0.0 ಬಂದ ಮೇಲೆ ನಾವೇ ಮಾಡಬೇಕು, ಆದರೆ ಜೋಡಣೆ ಇಂದಿಗೂ ಅದೇ. ಲೆವೆಲ್ಸ್‌ಗೆ ಹೊಸ ಪಟ್ಟಿ ಕೊಟ್ಟರೆ ಅದು ಕ್ರಮ ಬದಲಿಸುವುದಿಲ್ಲ, ಹೆಸರು ಬದಲಿಸುತ್ತದೆ. ಎಪಿಎಂಸಿ ಯಾರ್ಡಲ್ಲಿ ಚೀಲಗಳು ಇದ್ದಲ್ಲೇ ಇದ್ದು, ಮೇಲಿನ ಚೀಟಿ ಮಾತ್ರ ಅದಲುಬದಲಾದ ಹಾಗೆ. ಮೊದಲಿದ್ದ ಅಡಿಕೆ ಭತ್ತವಾಯಿತು, ಶೇಂಗಾ ಮೆಕ್ಕೆಜೋಳವಾಯಿತು, ಮೆಕ್ಕೆಜೋಳ ಅಡಿಕೆಯಾಯಿತು, ಭತ್ತ ಶೇಂಗಾ ಆಯಿತು. ನಾನು ನೋಡಿದ್ದು ಚನ್ನಗಿರಿಯ ಬಾರ್ ಒಂದೇ. ಅಲ್ಲಿ ಭತ್ತವೂ ಬೆಳೆಯುತ್ತಾರಲ್ಲ, ಸರಿ ಇದೆ ಅಂದುಕೊಂಡೆ. ಒಂದು ಅಧ್ಯಾಯ ಪೂರ್ತಿ ಮತ್ತೆ ಬರೆದೆ, ರಿಸಲ್ಟ್ ತಡವಾಯಿತು, ಆ ವರ್ಷ ಬಿ.ಎಡ್.ಗೆ ಅರ್ಜಿ ಹಾಕಲು ಆಗಲಿಲ್ಲ.

ನೀವು ಹೆಸರಿಗೆ ನಂಬರ್ ಹಾಕಿದರೆ ಇದಕ್ಕಿಂತ ಕೆಟ್ಟದಾಗುತ್ತದೆ, ಚೀಟಿಯೂ ಉಳಿಯುವುದಿಲ್ಲ. ಪ್ಯಾಡಿ 4, ಗ್ರೌಂಡ್‌ನಟ್ 2 ಅಂದರೆ ಭತ್ತ ಶೇಂಗಾದ ಎರಡರಷ್ಟು ಅಂತ ಅರ್ಥವಾ? ಅಲ್ಲ ಅಲ್ವಾ.

ಹೆಸರು ಹಾಗೇ ಇರಲಿ. ಟೇಬಲ್ ಫಂಕ್ಷನ್‌ಗೆ ಕಾಲಂ ಕೊಡಿ, ಅದು ಎಣಿಸುತ್ತದೆ. ಬಂದ ಎಣಿಕೆಯನ್ನು ಬಾರ್‌ಪ್ಲಾಟ್‌ಗೆ ಕೊಡಿ, ಮುಗಿಯಿತು. ಜಿಜಿಪ್ಲಾಟ್ (ಆರ್‌ನಲ್ಲಿ ಚಾರ್ಟ್ ಬಿಡಿಸುವ ಪ್ಯಾಕೇಜ್) ಬಳಸಿದರೆ ಜಿಯೋಮ್ ಬಾರ್ ತಾನೇ ಎಣಿಸುತ್ತದೆ. ಜಿಯೋಮ್ ಕಾಲ್ ಮೊದಲೇ ಎಣಿಸಿಟ್ಟ ಸಂಖ್ಯೆಗೆ. ಕನ್ನಡ ಹೆಸರು ಬೇಕಾದರೆ ಫ್ಯಾಕ್ಟರ್ ಫಂಕ್ಷನ್ ಒಳಗೇ ಲೆವೆಲ್ಸ್‌ನಲ್ಲಿ ಹಳೆ ಹೆಸರು, ಲೇಬಲ್ಸ್‌ನಲ್ಲಿ ಹೊಸ ಹೆಸರು, ಎರಡನ್ನೂ ಒಂದೇ ಕ್ರಮದಲ್ಲಿ ಬರೆಯಿರಿ. ಬದಲಿಸುವ ಮೊದಲು ಒಮ್ಮೆ, ಆದ ಮೇಲೆ ಒಮ್ಮೆ ಟೇಬಲ್ ಹಾಕಿ ನೋಡಿ. ನಾನು ಈಗ ಹಳೆ ಕಾಲಂ, ಹೊಸ ಕಾಲಂ ಎರಡನ್ನೂ ಒಟ್ಟಿಗೆ ಟೇಬಲ್‌ಗೆ ಕೊಡುತ್ತೇನೆ, ಯಾವುದು ಯಾವುದಾಯಿತು ಅಂತ ಅಲ್ಲೇ ಕಾಣುತ್ತದೆ. ಒಟ್ಟು 60ಕ್ಕಿಂತ ಕಡಿಮೆ ಬಂದರೆ ಎನ್ಎ (ಮಾಹಿತಿ ಇಲ್ಲ ಅನ್ನುವ ಗುರುತು) ಇರಬಹುದು, ಟೇಬಲ್ ಅದನ್ನು ಸುಮ್ನೆ ಬಿಟ್ಟುಬಿಡುತ್ತದೆ.

ಹಿಸ್ಟ್ ಅಳತೆಗೆ ಇರುವುದು. ಫಾರ್ಮಲ್ಲಿ ಜಮೀನು ಎಷ್ಟು ಎಕರೆ ಅಂತ ಕೇಳಿದ್ದರೆ, ಆ ಕಾಲಂನಲ್ಲಿ ಬರೀ ಅಂಕಿ ಇದ್ದರೆ, ಅದನ್ನು ಹಿಸ್ಟ್‌ಗೆ ಕೊಡಿ. ಆ ಎರರ್ ಬರುವುದಿಲ್ಲ.