ಪೆಟ್ರೋಲ್ ನಾವೇ ಹಾಕಿಕೊಳ್ಳುವ ಬಂಕ್ ಒಳ್ಳೆಯದಾ, ಹುಡುಗರು ಹಾಕುವುದೇ ಒಳ್ಳೆಯದಾ?

ತುಮಕೂರಲ್ಲಿ ಬೈಕ್ ಓಡಿಸುವ ನಾನಂತೂ ಹುಡುಗರೇ ಹಾಕಲಿ ಅನ್ನುತ್ತೇನೆ. ಮಳೆಯಲ್ಲಿ ಪೈಪ್ ಹಿಡಿದು ನಿಲ್ಲುವುದು ಯಾರಿಗೆ ಬೇಕು? ಕಾರಿನವರು ಕೆಲವರು, 'ನಾವೇ ಹಾಕಿಕೊಂಡರೆ ಮೋಸ ಇರಲ್ಲ' ಅನ್ನುತ್ತಾರೆ. ಆದರೆ ಅಳೆಯುವುದು ಮೆಷಿನ್ ಅಲ್ವಾ, ಕೈಯಲ್ಲ. ಮೀಟರಲ್ಲಿ ಸೊನ್ನೆ ನೋಡಿ ಹಾಕಿಸಿ. ಅನುಮಾನ ಬಂದರೆ ಬಂಕಿನಲ್ಲೇ ಇರುವ 5 ಲೀಟರ್ ಅಳತೆ ಪಾತ್ರೆ ಕೇಳಿ, ಅಳೆದು ತೋರಿಸಲೇಬೇಕು. ನಾನು ಒಮ್ಮೆ ಹೆದ್ದಾರಿ ಪಕ್ಕದ ಬಂಕಲ್ಲಿ ಕೇಳಿದ್ದೆ. ಮುಖ ಗಂಟಿಕ್ಕಿಕೊಂಡೇ ತೋರಿಸಿದರು. ಅಳತೆ ಸರಿಯಾಗೇ ಇತ್ತು, ನನಗೇ ಸ್ವಲ್ಪ ನಾಚಿಕೆಯಾಯಿತು.

ಅಮೆರಿಕದಲ್ಲಿ ಹೆಚ್ಚಿನ ಕಡೆ ಗಾಡಿಯವರೇ ಹಾಕಿಕೊಳ್ಳಬೇಕು. ನ್ಯೂಜೆರ್ಸಿಯಲ್ಲಿ ಮಾತ್ರ 1949ರಿಂದ ಅದಕ್ಕೆ ನಿಷೇಧವಿದೆ. ಒರೆಗಾನ್ ರಾಜ್ಯವೂ 1951ರಲ್ಲಿ ನಿಷೇಧಿಸಿತ್ತು, 2023ರಲ್ಲಿ ಸಡಿಲಿಸಿತು. ಆದರೂ ಜನ ಜಾಸ್ತಿ ಇರುವ ಕಡೆ ಅರ್ಧದಷ್ಟು ಪಂಪುಗಳಲ್ಲಿ ಆಳು ಇರಲೇಬೇಕು.