ರಾಮೇಶ್ವರ ಯಾತ್ರೆಯಲ್ಲಿ ಚಂಡಮಾರುತ ಎದುರಾದರೆ?

ಪ್ರಶ್ನೆ: ನವೆಂಬರ್ ಕೊನೆಗೆ ನಾವು ಎಂಟು ಮಂದಿ ರಾಮೇಶ್ವರಕ್ಕೆ ಹೊರಟಿದ್ದೇವೆ. 74 ವರ್ಷದ ನಮ್ಮವ್ವನೂ ಬರ್ತಾಳೆ. ಅಲ್ಲಿ ಚಂಡಮಾರುತ ಬಂದರೆ ಲಾಡ್ಜ್‌ನಲ್ಲೇ ಕಾಯಬೇಕೋ, ವಾಪಸ್ ಹೊರಡಬೇಕೋ? ನಡುವೆ ಗಾಳಿ ನಿಂತು ಮತ್ತೆ ಬರುತ್ತದೆ ಅಂತಾರೆ, ನಿಜಾನಾ?
– ಓದುಗರೊಬ್ಬರು, ಬಸವನ ಬಾಗೇವಾಡಿ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಜನ ಮೋಸ ಹೋಗುವುದು ಅಲ್ಲೇ. ಹೌದು, ನಿಜ. ಬಲವಾದ ಚಂಡಮಾರುತದ ನಡುವೆ ಒಂದು ಕಣ್ಣು, ಅಂದರೆ ಗಾಳಿ ಶಾಂತವಾಗಿರುವ ಜಾಗ, ಇರುತ್ತದೆ. ಅದು ನೇರ ನಿಮ್ಮ ತಲೆ ಮೇಲೆ ಹಾದುಹೋದರೆ ಗಾಳಿ ಒಮ್ಮೆಲೇ ನಿಲ್ಲುತ್ತದೆ. ಕೆಲವೊಮ್ಮೆ ಆಕಾಶವೂ ಕಾಣಿಸುತ್ತದೆ. ಮುಗಿಯಿತು ಅಂತ ಹೊರಗೆ ಬಂದಿರೋ, ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಅಷ್ಟೇ ಜೋರಾಗಿ ಹೊಡೆಯುತ್ತದೆ. ಗಾಳಿ ನಿಂತಿತು ಅಂತ ಬಾಗಿಲು ತೆಗೆಯಬೇಡಿ. ಅಧಿಕಾರಿಗಳು ಹೇಳಿದ ಮೇಲೆ ತೆಗೆಯಿರಿ.

ನಮ್ಮ ಕಡೆ ಬೇಸಿಗೆಯ ಅಡ್ಡಮಳೆ ನೋಡಿದ್ದೀರಲ್ವಾ? ಪತ್ರಾಸು ಹಾರಿಸಿ, ಗಿಡ ಮುರಿದು, ಅರ್ಧ ತಾಸಿನಲ್ಲಿ ತಣ್ಣಗಾಗುತ್ತದೆ. ಆ ಅಂದಾಜು ಸಮುದ್ರದ ದಂಡೆಯಲ್ಲಿ ನಡೆಯುವುದಿಲ್ಲ. ಅಲ್ಲಿ ಇಡೀ ರಾತ್ರಿ, ಕೆಲವೊಮ್ಮೆ ಮರುದಿನವೂ ಗಾಳಿ ಮಳೆ ಇರುತ್ತದೆ. 2024ರ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಂಡೆ ಮುಟ್ಟಿದ ಮೇಲೂ ತಾಸುಗಟ್ಟಲೆ ಅಲ್ಲೇ ನಿಂತು ಸುರಿಯಿತು. ಗಾಳಿಗಿಂತ ಹೆಚ್ಚು ಹೆದರಬೇಕಾದ್ದು ಅದು ತಳ್ಳಿಕೊಂಡು ಬರುವ ಸಮುದ್ರದ ನೀರಿಗೆ. 1964ರ ಡಿಸೆಂಬರ್ 22ರ ರಾತ್ರಿ, ರಾಮೇಶ್ವರ ದ್ವೀಪದ ತುದಿಯ ಊರು ಧನುಷ್ಕೋಡಿಗೆ ಹೋಗುತ್ತಿದ್ದ ಪ್ಯಾಸೆಂಜರ್ ರೈಲೇ ಆ ನೀರಿನಲ್ಲಿ ಕೊಚ್ಚಿಹೋಯಿತು. ಊರೂ ಉಳಿಯಲಿಲ್ಲ. ಯಾತ್ರಿಕರು ಅಲ್ಲಿ ನೋಡಲು ಹೋಗುವ ಮುರುಕು ಗೋಡೆಗಳು ಆ ಊರಿನವೇ.

ಇನ್ನು ಕಾಯುವುದೋ, ಹೊರಡುವುದೋ? ರಾಮೇಶ್ವರ ಒಂದು ದ್ವೀಪ. ಪಾಂಬನ್ ಹತ್ತಿರದ ರಸ್ತೆ ಸೇತುವೆ, ರೈಲು ಸೇತುವೆ ಬಿಟ್ಟರೆ ಬೇರೆ ದಾರಿ ಇಲ್ಲ. ಗಾಳಿ ಏರಿದರೆ ರೈಲು ನಿಲ್ಲಿಸುತ್ತಾರೆ. ಹಾಗಾಗಿ ಹೊರಡುವುದಿದ್ದರೆ ಮೊದಲೇ ಹೊರಡಬೇಕು. ಹವಾಮಾನ ಇಲಾಖೆ ಸಾಮಾನ್ಯವಾಗಿ 48 ತಾಸು ಮೊದಲು ಒಂದು ಎಚ್ಚರಿಕೆ, 24 ತಾಸು ಮೊದಲು ಇನ್ನೊಂದು ಕೊಡುತ್ತದೆ. ನಾನಾದರೆ ಮೊದಲನೆಯದಕ್ಕೇ ಅವ್ವನನ್ನು ಕರೆದುಕೊಂಡು ಮದುರೈಗೆ ಹೋಗುತ್ತೇನೆ. ಅದು ರಾಮೇಶ್ವರದಿಂದ ಸುಮಾರು 170 ಕಿಲೋಮೀಟರ್ ದೂರ, ಒಳನಾಡಿನಲ್ಲಿದೆ, ಮೀನಾಕ್ಷಿ ದರ್ಶನವೂ ಆಗುತ್ತದೆ. ಇನ್ನೂ ರಾಮೇಶ್ವರ ಮುಟ್ಟಿಲ್ಲ ಅಂದರೆ ಮದುರೈ ದಾಟಲೇಬೇಡಿ. ರೈಲ್ವೆಯವರೇ ರೈಲು ರದ್ದು ಮಾಡಿದರೆ ಟಿಕೆಟ್ಟಿನ ಪೂರ್ತಿ ಹಣ ವಾಪಸ್ ಬರುತ್ತದೆ. ಅದಕ್ಕಾಗಿ ಹಟ ಬೇಡ.

ಹೊತ್ತು ಮೀರಿ, ಗಾಳಿ ಶುರುವಾಗಿದ್ದರೆ ಮಾತ್ರ ರಸ್ತೆಗೆ ಇಳಿಯಬೇಡಿ. ಲಾಡ್ಜ್ ದಂಡೆಗೆ ಹತ್ತಿರವಿದ್ದರೆ ಹಗಲಿರುವಾಗಲೇ ಸರ್ಕಾರದ ಆಶ್ರಯ ಕೇಂದ್ರಕ್ಕೆ ಹೋಗಿ. ಇಲ್ಲವಾದರೆ ಗಟ್ಟಿ ಆರ್‌ಸಿಸಿ ಕಟ್ಟಡದಲ್ಲಿ, ಗಾಜಿನ ಕಿಟಕಿಯಿಂದ ದೂರ ಕುಳಿತುಕೊಳ್ಳಿ. ಕರೆಂಟು ಹೋಗುತ್ತದೆ, ಮೋಟರು ಓಡುವುದಿಲ್ಲ, ನಳದ ನೀರೂ ನಿಲ್ಲುತ್ತದೆ. ಕುಡಿಯುವ ನೀರು ಮೊದಲೇ ತುಂಬಿಸಿಡಿ. ಅವ್ವನ ಗುಳಿಗೆ ಒಂದು ವಾರಕ್ಕೆ ಜಾಸ್ತಿಯೇ ಇರಲಿ. ಊಟದ ಚಿಂತೆ ನಮ್ಮವರಿಗೆ ಇಲ್ಲ ಬಿಡಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ, ಒಲೆ ಹಚ್ಚದೆ ನಾಲ್ಕು ದಿನ ತಳ್ಳಬಹುದು.

ಚಂಡಮಾರುತ ದಾಟಿದ ಮೇಲೂ ಹರಿದು ಬಿದ್ದ ತಂತಿ, ನಿಂತ ನೀರು ತುಳಿಯಬೇಡಿ. ಸಮುದ್ರ ಒಂದೆರಡು ದಿನ ಒರಟಾಗಿಯೇ ಇರುತ್ತದೆ. ಅಗ್ನಿತೀರ್ಥದ (ಗುಡಿ ಎದುರಿನ ಸಮುದ್ರದ) ಸ್ನಾನ ತಡವಾದರೆ ಆಗಲಿ. ಗುಡಿ ತೆರೆದಾಗ ಒಳಗಿನ 22 ತೀರ್ಥಗಳಲ್ಲಿ ಅವ್ವನಿಗೆ ಸ್ನಾನ ಮಾಡಿಸಿಕೊಂಡು ಬನ್ನಿ.