ಓದುಗರ ಪ್ರಶ್ನೆ: ಕೋಳಿಗೂಡಿಗೆ ಧೂಳಿಲ್ಲದ ಮರದ ಸಿಪ್ಪೆ

ಪ್ರಶ್ನೆ: 10 ಅಡಿ ಉದ್ದ, 10 ಅಡಿ ಅಗಲದ ಗೂಡಿನಲ್ಲಿ 40 ಗಿರಿರಾಜ ಕೋಳಿಗಳಿವೆ. ನೆಲಕ್ಕೆ ಸಾಮಿಲ್‌ನ ಮರದ ಹುಡಿ ಹಾಸಿದ್ದೇವೆ. ಕೋಳಿ ಕೆದರಿದಾಗಲೆಲ್ಲ ಹೊಗೆಯಂತೆ ಧೂಳು ಏಳುತ್ತದೆ, ಕೋಳಿಗಳು ಸೀನುತ್ತಿವೆ. ಬಡಗಿ ಅಂಗಡಿಯಲ್ಲಿ ಹತ್ತರಿ ಹೊಡೆದಾಗ ಬೀಳುವ ಸಿಪ್ಪೆ ಆಗುತ್ತದೆಯೇ? ಎಷ್ಟು ಬೇಕು?
— ತಿಪಟೂರಿನ ಓದುಗರು

ಉತ್ತರ: ಆಗುತ್ತದೆ. ಹುಡಿಯನ್ನು ಮಾತ್ರ ತಡಮಾಡದೆ ತೆಗೆಯಿರಿ. ಕೋಳಿಗಳನ್ನು ಹೊರಗೆ ಬಿಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸ್ವಲ್ಪ ನೀರು ಚಿಮುಕಿಸಿ ಗುಡಿಸಿ.

ಗರಗಸ ಮರವನ್ನು ಹಿಟ್ಟು ಮಾಡುತ್ತದೆ, ಹತ್ತರಿ ಸುಲಿಯುತ್ತದೆ. ಒಳ್ಳೆಯ ಸಿಪ್ಪೆ ಸುರುಳಿ ಸುತ್ತಿಕೊಂಡು ಹೆಬ್ಬೆರಳಿನ ಉಗುರಿನಷ್ಟು ಅಗಲವಿರುತ್ತದೆ. ಬೆರಳಲ್ಲಿ ಹಿಸುಕಿದರೆ ಮಡಚಿಕೊಳ್ಳಬೇಕು, ಪುಡಿಯಾಗಬಾರದು. ಕೋಳಿಯ ಶ್ವಾಸಕೋಶ ನಮ್ಮದರಂತೆ ಹಿಗ್ಗಿ ಕುಗ್ಗುವುದಿಲ್ಲ. ಗಾಳಿ ಅದರ ಮೂಲಕ ಹಾದು ಹೊಟ್ಟೆಯೊಳಗಿನ ಗಾಳಿಚೀಲಗಳವರೆಗೂ ಹೋಗುತ್ತದೆ. ಸಣ್ಣ ಧೂಳು ಇ. ಕೋಲೈನಂಥ ರೋಗಾಣುಗಳನ್ನು ಹೊತ್ತುಕೊಂಡು ಅಲ್ಲಿಗೇ ಇಳಿಯುತ್ತದೆ. ಹಾಸು ಬದಲಿಸಿ ನಾಲ್ಕೈದು ದಿನವಾದರೂ ಸೀನು ನಿಲ್ಲದಿದ್ದರೆ ಅದು ಬರೀ ಧೂಳಿನ ಕೆಲಸವಲ್ಲ, ಪಶುವೈದ್ಯರಿಗೆ ತೋರಿಸಿ. ಮೂಗು ಸೋರುವುದು, ಮುಖ ಊದುವುದು ಕಂಡರೆ ಅಷ್ಟು ದಿನವೂ ಕಾಯಬೇಡಿ.

ಸಿಪ್ಪೆ ತರುವ ಮೊದಲು ಅಂಗಡಿಯಲ್ಲಿ ಮೂರು ವಿಷಯ ಕೇಳಿ. ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟು ಬೆರೆಸಿ ಒತ್ತಿದ ಹಲಗೆ) ಕೊಯ್ದದ್ದು ಇದರಲ್ಲಿ ಬೆರೆತಿದೆಯೇ? ಅವುಗಳ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಎಂಬ ವಿಷಕಾರಿ ರಾಸಾಯನಿಕ ಇರುತ್ತದೆ, ಬೆರೆತಿದ್ದರೆ ಬೇಡ. ಪ್ಲೇನರ್ (ಹತ್ತರಿ ಕೆಲಸ ಮಾಡುವ) ಯಂತ್ರದ ಸಿಪ್ಪೆ ಹೀರುವ ಚೀಲಕ್ಕೆ ಸ್ಯಾಂಡರ್ (ಮರ ಉಜ್ಜಿ ನುಣುಪು ಮಾಡುವ ಯಂತ್ರ) ಕೂಡ ಜೋಡಿಸಿದ್ದಾರೆಯೇ? ಹಾಗಿದ್ದರೆ ನೋಡಲು ಸಿಪ್ಪೆ, ಒಳಗೆಲ್ಲ ಉಜ್ಜಿದ ಪುಡಿ. ಮರ ಒಣಗಿತ್ತೇ? ಹಸಿಮರದ ಸಿಪ್ಪೆಯಲ್ಲಿ ಧೂಳಿರುವುದಿಲ್ಲ, ನಿಜ, ಆದರೆ ವಾರದೊಳಗೆ ಬೂಷ್ಟು ಹಿಡಿಯಬಹುದು. ಪೈನ್, ಸಿಲ್ವರ್ ಓಕ್ ಸಿಕ್ಕರೆ ಮೊದಲ ಆಯ್ಕೆ ಅವೇ. ಬೀಟೆ, ತೇಗದ ಸಣ್ಣ ಪುಡಿ ಕೆಲವರಿಗೆ ಚರ್ಮ, ಮೂಗು ಕೆರಳಿಸುತ್ತದೆ, ಅವನ್ನು ಬಿಡಿ. ಪ್ಯಾಕಿಂಗ್ ಪೆಟ್ಟಿಗೆ ಮಾಡುವಲ್ಲಿ ಪೈನ್ ಸಿಪ್ಪೆ ಸಿಗುತ್ತದೆ. ಹಳೆಯ ಪ್ಯಾಲೆಟ್ (ಸರಕು ಪೇರಿಸುವ ಮರದ ಅಟ್ಟಣೆ) ಒಡೆದ ಮರವಾದರೆ ಮುದ್ರೆ ನೋಡಿ: ‘ಎಚ್‌ಟಿ’ ಎಂದರೆ ಬಿಸಿಯಿಂದ ಸಂಸ್ಕರಿಸಿದ್ದು, ತೆಗೆದುಕೊಳ್ಳಬಹುದು. ‘ಎಂಬಿ’ ಎಂದರೆ ಮೀಥೈಲ್ ಬ್ರೋಮೈಡ್ ಎಂಬ ಕೀಟನಾಶಕದ ಹೊಗೆ ಕೊಟ್ಟದ್ದು, ಬೇಡ. ಬಣ್ಣ, ಎಣ್ಣೆ, ಗೆದ್ದಲು ಔಷಧಿ ಕುಡಿದ ಮರವೂ ಬೇಡ.

ಚೀಲದ ತಳದಿಂದಲೇ ಮಾದರಿ ತೆಗೆಯಿರಿ, ಪುಡಿಯೆಲ್ಲ ಅಲ್ಲೇ ಕೂತಿರುತ್ತದೆ. 1 ಕೆ.ಜಿ. ಸಿಪ್ಪೆಯನ್ನು 3 ಮಿ.ಮೀ. ಕಣ್ಣಿನ ಜರಡಿಯಲ್ಲಿ ಆಡಿಸಿ, ಕೆಳಗೆ ಬಿದ್ದದ್ದನ್ನು ತೂಗಿ. 50 ಗ್ರಾಂ ಒಳಗಿದ್ದರೆ ಹಾಗೇ ಹಾಸಬಹುದು. 100 ಗ್ರಾಂ ದಾಟಿದರೆ ಪೂರ್ತಿ ಜರಡಿ ಹಿಡಿಯಲೇಬೇಕು. ಗಾಳಿಗೆ ಬೆನ್ನು ಕೊಟ್ಟು ನಿಂತು, ಗೂಡಿನಿಂದ ದೂರ ಮಾಡಿ.

ನಿಮ್ಮ ಗೂಡಿಗೆ 3 ಅಂಗುಲ ದಪ್ಪಕ್ಕೆ 25 ಘನ ಅಡಿ ಬೇಕು. 3 ಘನ ಅಡಿ ಹಿಡಿಯುವ ಚೀಲದಲ್ಲಿ ಲೆಕ್ಕಕ್ಕೆ 9 ಚೀಲ. ತುಳಿದ ಮೇಲೆ ಇಳಿಯುವುದರಿಂದ 12 ತನ್ನಿ.

ಪ್ರಶ್ನೆ: ನಮ್ಮಲ್ಲಿ ಭತ್ತದ ಹೊಟ್ಟು ಧಾರಾಳ. ಮರದ ಸಿಪ್ಪೆಗೆ ದುಡ್ಡು ಕೊಡಬೇಕೇ?
— ಗಂಗಾವತಿಯ ಓದುಗರು

ಉತ್ತರ: ಬೇಡ. ಕಾಳಿನ ಆಕಾರ ಉಳಿಸಿಕೊಂಡ ಇಡೀ ಹೊಟ್ಟು ಒಳ್ಳೆಯ ಹಾಸು. ತೌಡು ಬೆರೆತದ್ದು ಮಾತ್ರ ಧೂಳು, ಹುಳುವೂ ಹತ್ತುತ್ತದೆ. ಹೊಟ್ಟು ಸಿಪ್ಪೆಯಷ್ಟು ನೀರು ಹೀರುವುದಿಲ್ಲ. ಆದ್ದರಿಂದ ನೀರಿನ ಪಾತ್ರೆಯ ಸುತ್ತ ಮಾತ್ರ ಒಂದೆರಡು ಚೀಲ ಸಿಪ್ಪೆ ಹಾಕಿದರೆ ಸಾಕು.

ಪ್ರಶ್ನೆ: ಹಾಸಿದಾಗ ಧೂಳಿರಲಿಲ್ಲ. ಎರಡು ತಿಂಗಳಾದ ಮೇಲೆ ಬೇಸಿಗೆಯಲ್ಲಿ ಏಳುತ್ತಿದೆ. ನೀರು ಚಿಮುಕಿಸಲೇ? ಸುಣ್ಣ ಹಾಕಲೇ?
— ವಿಜಯಪುರದ ಓದುಗರು

ಉತ್ತರ: ಈಗ ಏಳುತ್ತಿರುವುದು ಹೆಚ್ಚಾಗಿ ಮರದ ಧೂಳಲ್ಲ. ಒಣಗಿದ ಹಿಕ್ಕೆ, ಗರಿಯ ಹೊಟ್ಟು, ಆಹಾರದ ಹಿಟ್ಟು. ಸಿಪ್ಪೆಯನ್ನು ದೂರುವ ಮೊದಲು ಒಂದು ಹಿಡಿ ಹಾಸು ತೆಗೆದು ಬಿಗಿಯಾಗಿ ಹಿಚುಕಿ, ಕೈ ಬಿಡಿಸಿ. ಸ್ವಲ್ಪ ಅಂಟಿಕೊಂಡು ಬಿರುಕು ಬಿಟ್ಟು ಉದುರಿದರೆ ಸರಿಯಾದ ಹದ. ಉಂಡೆಯಾಗಿಯೇ ಉಳಿದರೆ ನೀರು ಹೆಚ್ಚು. ಒಂದಿಷ್ಟೂ ಅಂಟದೆ ಬೆರಳ ಸಂದಿಯಿಂದ ಸೋರಿದರೆ ತೀರಾ ಒಣಗಿದೆ. ಒಣಗಿದ್ದರೆ 100 ಚದರ ಅಡಿಗೆ 1ರಿಂದ 2 ಲೀಟರ್ ನೀರನ್ನು ಸ್ಪ್ರೇಯರ್‌ನಲ್ಲಿ ಮಂಜಿನಂತೆ ಹೊಡೆದು ಕೆದಕಿ. ಬೆಳಿಗ್ಗೆಯೇ ಮಾಡಿ. ಸಂಜೆ ಹೊಡೆದರೆ ರಾತ್ರಿ ಆರುವುದಿಲ್ಲ. ಬಕೆಟ್‌ನಿಂದ ಎರಚಿದರೆ ಹೆಪ್ಪುಗಟ್ಟಿ ಅಡಿಯಲ್ಲಿ ಕೊಳೆಯುತ್ತದೆ.

ಸುಣ್ಣ ಧೂಳಿಗೆ ಮದ್ದಲ್ಲ, ಅದೇ ಒಂದು ಧೂಳು. ಜೊತೆಗೆ ಹಾಸಿನ ಕ್ಷಾರ ಏರಿ ಹಿಕ್ಕೆಯಲ್ಲಿರುವ ಅಮೋನಿಯಾ ಇನ್ನಷ್ಟು ಹೊರಬರುತ್ತದೆ. ಕೋಳಿ ಇರುವಾಗ ಎರಚಬೇಡಿ.

ಪ್ರಶ್ನೆ: ಮಳೆಗಾಲಕ್ಕೆ ಸಿಪ್ಪೆ ಕೂಡಿಡಬಹುದೇ? ಮರಿಗಳಿಗೂ ಅದನ್ನೇ ಹಾಸಬಹುದೇ?
— ಸಾಗರದ ಓದುಗರು

ಉತ್ತರ: ಏಪ್ರಿಲ್‌ನಲ್ಲೇ ಬಿಸಿಲಿಗೆ ಹರವಿ ಒಣಗಿಸಿ, ಗೋಡೆಯಿಂದ ಒಂದು ಅಡಿ ದೂರ, ಹಲಗೆಯ ಮೇಲೆ ಇಡಿ. ನೇರ ನೆಲಕ್ಕಿಟ್ಟ ಚೀಲ ತಳದಿಂದ ತೇವ ಎಳೆಯುತ್ತದೆ. ಮುಗ್ಗಲು ವಾಸನೆ ಬಂದರೆ ಮತ್ತೆ ಒಣಗಿಸಿ ಬಳಸುವ ಯೋಚನೆ ಬೇಡ: ಆಸ್ಪರ್ಜಿಲಸ್ ಬೂಷ್ಟಿನ ಬೀಜಕಣಗಳು ಒಣಗಿದರೂ ಸಾಯುವುದಿಲ್ಲ, ಶ್ವಾಸಕೋಶಕ್ಕೆ ಹೊಕ್ಕರೆ ಮರಿಗಳು ಸಾಲುಸಾಲಾಗಿ ಸಾಯುತ್ತವೆ. ಅಂಥ ಚೀಲ ತಿಪ್ಪೆಗೆ ಹೋಗಲಿ.

ಮರಿಗಳಿಗೆ 2 ಅಂಗುಲ ಸಿಪ್ಪೆ ಹಾಸಿ, ಮೊದಲ ಮೂರ್ನಾಲ್ಕು ದಿನ ಮೇಲೆ ಒರಟು ಕಾಗದ ಹೊದಿಸಿ. ಆಹಾರ ಯಾವುದೆಂದು ಕಲಿಯುವ ಮೊದಲು ಅವು ಸಣ್ಣ ಚೂರುಗಳನ್ನೇ ಕುಕ್ಕಿ ತಿಂದು ಹೊಟ್ಟೆ ಕಟ್ಟಿಸಿಕೊಳ್ಳುತ್ತವೆ. ನುಣುಪು ಕಾಗದದ ಮೇಲೆ ಕಾಲು ಜಾರಿ ಅಗಲವಾಗುತ್ತದೆ, ಆದ್ದರಿಂದ ಒರಟಾದದ್ದೇ ಇರಲಿ. ಕಾಗದವನ್ನು ದಿನಾ ಬದಲಿಸಿ.